ಹೂಂ ಅನ್ನುವವರು

ಕೋರ್ಟಿನ ಸಮನ್ಸು ಬಂದಾಗ ಕೆಂಚವ್ವನ ಎರಡೂ ಕೈ ಮೇಲಿದ್ದವು. ಎಡಗೈಯಲ್ಲಿ ದ್ರಾಕ್ಷಿಯ ಎಳೆ ಗೊನೆ, ಬಲಗೈಯಲ್ಲಿ ಔಷಧ ತುಂಬಿದ ಪ್ಲಾಸ್ಟಿಕ್ ಮಗ್ಗು. ಮಗ್ಗನ್ನು ಗೊನೆಯ ಕೆಳಗೆ ಹಿಡಿದು, ಗೊನೆ ಪೂರಾ ಮುಳುಗುವವರೆಗೆ ಎತ್ತಿ, ಇಳಿಸಿ, ಒಂದು ಹನಿಯೂ ನೆಲಕ್ಕೆ ಬೀಳದಂತೆ ಮೆಲ್ಲಗೆ ಕೊಡವಿ, ಮುಂದಿನ ಗೊನೆಗೆ ಹೋಗಬೇಕು. ಕಾಗದ ತಂದ ಪೊಲೀಸನು ಹಂದರದ ಕೆಳಗೆ ಟೊಪ್ಪಿಗೆ ಕಾಪಾಡಿಕೊಳ್ಳುತ್ತ ಬಂದು, ಹೆಸರು ಕೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಹನ್ನೆರಡನೆಯ ದಿನ ಅಥಣಿಯ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು. ಕೆಂಚವ್ವ ಸೀರೆಗೆ ಕೈ ಒರೆಸಿಕೊಂಡು ಮತ್ತೆ ಮಗ್ಗು ಎತ್ತಿದಳು. ಆದರೆ ಅದೇ ಗೊನೆಯನ್ನು ಮೂರು ಸಲ ಅದ್ದಿದಳು.

ತೋಟ ರಾವಸಾಹೇಬರದು, ಮಂಗಸೂಳಿಯಿಂದ ಕಾಗವಾಡಕ್ಕೆ ಹೋಗುವ ದಾರಿಯ ಬದಿಗೆ. ಕಾಳು ಉದ್ದ ಆಗಲೆಂದು ಗೊನೆಗಳನ್ನು ಔಷಧದಲ್ಲಿ ಅದ್ದುವ ಕೆಲಸವನ್ನು ಅಲ್ಲಿ ವರ್ಷಾವರ್ಷ ಒಂದೇ ಟೋಳಿ ಮಾಡುತ್ತಿತ್ತು. ಸಾವಕ್ಕ ಅದರ ಮುಖಂಡಳು, ಅವಳನ್ನು ಹಿಡಿದು ಹನ್ನೆರಡು ಹೆಂಗಸರು. ಹಂದರ ಆಳೆತ್ತರ, ಗೊನೆಗಳೆಲ್ಲ ತಲೆಯ ಮೇಲೆ. ಮುಂಜಾನೆಯಿಂದ ಕತ್ತು ಮೇಲೆತ್ತಿಕೊಂಡೇ ದುಡಿಯಬೇಕಾದ್ದರಿಂದ ಮಾತಾಡುವವಳಿಗೆ ಕೇಳುವವಳ ಮುಖ ಕಾಣುವುದಿಲ್ಲ. ಅದಕ್ಕೇ ಆ ಟೋಳಿಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಒಬ್ಬಳು ಒಂದು ಮಾತು ಹೇಳಿದರೆ ಅವಳ ಜೋಡಿಯವಳು 'ಹೂಂ' ಅನ್ನಬೇಕು. ಹೂಂ ಬಂದರೆ ಮುಂದಿನ ಮಾತು. ಬರಲಿಲ್ಲವೆಂದರೆ ಜೋಡಿಯವಳು ಬೇರೆ ಸಾಲಿಗೆ ಹೋಗಿದ್ದಾಳೆ, ಇನ್ನು ಬಾಯಿ ಮುಚ್ಚುವುದು ಲೇಸು. ಕೆಂಚವ್ವನ ಜೋಡಿ ಅಕ್ಕುತಾಯಿ. ಒಂಬತ್ತು ವರ್ಷದಿಂದ ಅವಳು ಹೂಂ ಅಂದದ್ದಕ್ಕೆ ಲೆಕ್ಕವಿರಲಿಲ್ಲ.

ಸಾಕ್ಷಿಯ ವಿಷಯ ಹೋದ ವರ್ಷದ್ದು. ಕುರಿ ಕಾಯುವ ಸತ್ತೆವ್ವನ ಹತ್ತಿರ ಸರದಾರ ಎಂಬ ಟಗರು ಇತ್ತು. ತಾಯಿ ಸತ್ತ ಮರಿಯನ್ನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು. ಅದರ ಎಡಗೊಂಬು ಬಾಗಿ ಕಣ್ಣಿಗೆ ತಾಗುತ್ತಿತ್ತೆಂದು ತುದಿಯನ್ನು ತಾನೇ ಗರಗಸದಿಂದ ಕೊಯ್ದಿದ್ದಳು. ಒಂದು ಮಧ್ಯಾಹ್ನ ಆ ಟಗರು ಕಾಣೆಯಾಯಿತು. ಅದೇ ಮಧ್ಯಾಹ್ನ ದಾರಿಯ ಅಂಚಿನ ಸಾಲಿನಲ್ಲಿ ಒಬ್ಬಳೇ ಇದ್ದ ಕೆಂಚವ್ವ ಒಂದು ಮೋಟರ್ ಸೈಕಲ್ ನೋಡಿದಳು. ಅದರ ಮೇಲೆ ಮೂರು ಮಂದಿ. ನಡೆಸುವವನು ಟಗರಿನ ಕಾಳಗಕ್ಕೆ ಹೆಸರಾದ ಕಾಗವಾಡದ ಕಡೆಯ ಜ್ಞಾನದೇವ. ಹಿಂದಿನವನು ಯಾರೋ. ನಡುವೆ ಕಂಬಳಿ ಹೊದ್ದು, ತಲೆಗೆ ಟವೆಲ್ ಸುತ್ತಿಕೊಂಡು, ಕುತ್ತಿಗೆ ಬಗ್ಗಿಸಿಕೊಂಡು ಕುಳಿತವನು ಒಬ್ಬ ಮುದುಕ. ಪಾಪ, ಯಾರಿಗೋ ಆರಾಮಿಲ್ಲ ಎಂದುಕೊಂಡಳು. ಗಾಡಿ ಮುಂದಿನ ಕಾಲುವೆ ದಾಟುವಾಗ ಎಗರಿ ಟವೆಲ್ ಜಾರಿತು. ಮುದುಕನಿಗೆ ಕೊಂಬುಗಳಿದ್ದವು. ಎಡಗೊಂಬಿನ ತುದಿ ಇರಲಿಲ್ಲ.

ಸಂಜೆ ಸತ್ತೆವ್ವನಿಗೆ ಟಗರು ಕಂಡದ್ದಷ್ಟನ್ನು ಹೇಳಿದಳು. ಸತ್ತೆವ್ವ ಅದೇ ಮಾತು ನಂಬಿ ಪೊಲೀಸರಲ್ಲಿಗೆ ಹೋದಳು. ಜ್ಞಾನದೇವ ಅದು ಸಂತೆಯಲ್ಲಿ ಕೊಂಡ ಟಗರು ಎಂದ. ಕೆಂಚವ್ವನನ್ನು ಕರೆಸಿ ಕೇಳಿದಾಗ ಅವಳು ನಡುವೆ ಒಬ್ಬ ಮುದುಕ ಕುಂತಿದ್ದ ಎನ್ನುವವರೆಗೆ ಮಾತ್ರ ಬಂದಳು. ಹವಾಲ್ದಾರನು ನಕ್ಕ. ಒಳಗಿನವರನ್ನೂ ಕರೆದು ಇನ್ನೊಮ್ಮೆ ಹೇಳು ಎಂದ. ಆರು ಮಂದಿ ಸುತ್ತ ನಿಂತು ನಕ್ಕರು. ಕೆಂಚವ್ವ ಕೊಂಬಿನ ಮಾತು ತೆಗೆಯದೆ ಹೊರಗೆ ಬಂದಳು. ಕಾಗದದಲ್ಲಿ ಇವಳಿಗೆ ಏನೂ ಗೊತ್ತಿಲ್ಲ ಎಂದು ಬರೆದುಕೊಂಡರು. ಟಗರು ತೀರ್ಮಾನವಾಗುವವರೆಗೆ ಜ್ಞಾನದೇವನಲ್ಲೇ ಉಳಿಯಿತು.

ಜ್ಞಾನದೇವ ದುಡ್ಡು ಕೊಟ್ಟು ಇವಳ ಬಾಯಿ ಮುಚ್ಚಿಸಿರಬೇಕು ಎಂದು ಸತ್ತೆವ್ವ ತಿಳಿದಳು. ಅಂದಿನಿಂದ ಮಾತು ಬಿಟ್ಟಳು. ಎದುರು ಬಂದರೆ ಕುರಿಗಳ ಜೊತೆ ಮಾತಾಡುತ್ತ ಹೋಗುವಳು. ಅವಳ ಮನೆಯ ಮಜ್ಜಿಗೆ ಕುಡಿದು ಬೆಳೆದ ಕೆಂಚವ್ವನಿಗೆ ಹವಾಲ್ದಾರನ ನಗೆಗಿಂತ ಈ ಮೌನ ಹೆಚ್ಚು ಚುಚ್ಚುತ್ತಿತ್ತು. ಈಗ ಸರಕಾರಿ ವಕೀಲರು ಒಂದು ಕೈ ನೋಡೋಣವೆಂದು ಅವಳನ್ನು ಕೋರ್ಟಿಗೆ ಕರೆಸಿದ್ದರು. ಅಲ್ಲಿಯೂ ಬಾಯಿ ಕಟ್ಟಿದರೆ ಸತ್ತೆವ್ವನ ಅನುಮಾನ ಪೂರಾ ಖರೆಯಾಗುತ್ತಿತ್ತು.

ಸಮನ್ಸು ಬಂದ ಮೂರನೆಯ ದಿನಕ್ಕೆ ಕೆಂಚವ್ವನಿಗೆ ಅನ್ನ ಸೇರದಾಯಿತು. ಗಂಡ ಮುರಗೆಪ್ಪ ಕುಡಚಿಯ ಡಾಕ್ಟರಿಗೆ ತೋರಿಸಿಕೊಂಡು ಬಂದ. ಡಾಕ್ಟರು ಹೊಟ್ಟೆ ಒತ್ತಿ, ನಾಲಿಗೆ ನೋಡಿ, ಏನೂ ಇಲ್ಲ, ಬರೀ ಟೆನ್ಶನ್ ಎಂದು ಕೆಂಪು ಟಾನಿಕ್ಕು ಬರೆದುಕೊಟ್ಟರು. ಟೆನ್ಶನ್ ಎಂಬುದು ಮಾತಿನಿಂದ ಅಂಟುವ ರೋಗವೆಂದು ಮುರಗೆಪ್ಪ ಅರ್ಥ ಮಾಡಿಕೊಂಡ. ಮನೆಯಲ್ಲಿ ಕೋರ್ಟು, ಟಗರು, ಅಥಣಿ ಈ ಮೂರು ಶಬ್ದಗಳನ್ನು ಯಾರೂ ಎತ್ತಕೂಡದೆಂದು ತಾಕೀತು ಮಾಡಿದ. ಮಾತಾಡಿಸಲು ಬಂದ ನೆರೆಯವರನ್ನು ಹೊಸ್ತಿಲಲ್ಲೇ ತಿರುಗಿಸಿ ಕಳಿಸಿದ. ಮನೆ ಎಷ್ಟು ತಣ್ಣಗಾಯಿತೆಂದರೆ ಕೆಂಚವ್ವನಿಗೆ ತನ್ನ ಎದೆ ಬಡಿಯುವುದು ಬೇರೆಯವರ ಮನೆಯಲ್ಲಿ ಜೋಳ ಕುಟ್ಟಿದ ಹಾಗೆ ಕೇಳತೊಡಗಿತು.

ನಾಲ್ಕನೆಯ ದಿನ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಸಾವಕ್ಕ ಅವಳ ಎದುರಿಗೆ ಬಂದು ಕುಳಿತಳು.

"ಕೆಂಚಿ, ನಿನಗ ಅಂಜಿಕಿ ಯಾತರದು? ಜಜ್ ಸಾಹೇಬಂದೊ, ನಗೂದೊ?"

ಕೆಂಚವ್ವ ಮುರಿದ ರೊಟ್ಟಿಯನ್ನು ತಿನ್ನದೆ ಬುತ್ತಿಗೇ ಹಾಕಿದಳು. ನಗೂದು ಎಂದಳು.

"ಹಂಗಿದ್ರ ಆ ನಗೂದೆಲ್ಲಾ ನಾವ ನಕ್ಕ ಮುಗಸ್ತೀವಿ. ಕೋರ್ಟಿಗೆ ಒಂದ ಹನಿ ಉಳಸಂಗಿಲ್ಲ."

ಅಂದಿನಿಂದ ಬುತ್ತಿಯ ಹೊತ್ತು ಕೋರ್ಟಾಯಿತು. ಸಾವಕ್ಕ ಔಷಧದ ಡ್ರಮ್ಮು ಬೋರಲು ಹಾಕಿ ಅದರ ಮೇಲೆ ಜಜ್ಜಾಗಿ ಕೂತಳು. ಅಕ್ಕುತಾಯಿ ಕರಿ ಕಂಬಳಿ ಹೊದ್ದು ಎದುರು ಕಕ್ಷಿಯ ವಕೀಲಳಾದಳು. ಕೆಂಚವ್ವ ಹಂದರದ ಕಂಬ ಹಿಡಿದು ನಿಂತು ಗಾಡಿ ಬಂದದ್ದು, ಮೂರು ಮಂದಿ ಇದ್ದದ್ದು, ನಡುವೆ ಮುದುಕ ಕಂಡದ್ದು ಹೇಳಬೇಕು. ಮುದುಕ ಎಂದ ಕೂಡಲೇ ಹನ್ನೊಂದು ಮಂದಿಯೂ ನಗಬೇಕು. ಮೊದಲ ದಿನ ಹೇಳಿಸಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಒಬ್ಬಳಿಗೆ ನೆತ್ತಿಗೆ ಹತ್ತಿ ನೀರು ಕುಡಿಸಬೇಕಾಯಿತು. ಕೆಂಚವ್ವ ಅಳುಮೋರೆ ಮಾಡಿದಳು. ಸಾವಕ್ಕ ಮತ್ತೆ ಮೊದಲಿಂದ ಹೇಳಿಸಿದಳು. ಮೂರನೆಯ ದಿನಕ್ಕೆ ನಗೆಯಲ್ಲಿ ಕಸುವು ಉಳಿಯಲಿಲ್ಲ. ಐದನೆಯ ದಿನಕ್ಕೆ ಅಕ್ಕುತಾಯಿ ಮುಖ್ಯ ಜಾಗದಲ್ಲಿ ಆಕಳಿಸಿದಳು. ಏಳನೆಯ ದಿನ ಸಾವಕ್ಕ ನಗ್ರೆ ಎಂದು ಬೈದರೂ ಯಾರಿಂದಲೂ ಆಗಲಿಲ್ಲ. ಅಷ್ಟು ಹೊತ್ತಿಗೆ ಕೆಂಚವ್ವ ಒಂದೂವರೆ ರೊಟ್ಟಿ ತಿನ್ನುತ್ತಿದ್ದಳು. ಟಾನಿಕ್ಕಿನಿಂದ ಗುಣ ಕಂಡಿತೆಂದು ಮುರಗೆಪ್ಪ ಇನ್ನೊಂದು ಬಾಟಲಿ ತಂದ.

ತೊಡಕು ಬಂದದ್ದು ರಾವಸಾಹೇಬರಿಂದ. ಎರಡನೆಯ ಸಲದ ಅದ್ದುವಿಕೆ ಸರಿಯಾಗಿ ಕೋರ್ಟಿನ ದಿನವೇ ಬಿದ್ದಿತ್ತು. ಕೆಂಚವ್ವ ಹೋಗಲಿ, ಉಳಿದ ಹನ್ನೊಂದು ಮಂದಿ ಕೆಲಸಕ್ಕೆ ಬರಲಿ ಎಂಬುದು ಅವರ ಮಾತು. ಗೊನೆ ಹಟಮಾರಿ ಜಾತಿ, ಒಂದು ದಿನ ತಡವಾದರೆ ಕಾಳು ಗುಂಡಗೇ ಕೂತುಬಿಡುತ್ತದೆ, ಆಮೇಲೆ ದೇವರೇ ಬಂದು ಅದ್ದಿದರೂ ಉದ್ದ ಆಗುವುದಿಲ್ಲ ಎಂದು ವಿವರಿಸಿದರು. ಸಾವಕ್ಕ ಎಲ್ಲವನ್ನೂ ಕೇಳಿಸಿಕೊಂಡು, ಗೊನೆ ಒಂದು ಹೊತ್ತು ತಡೆದೀತು, ಕೆಂಚಿ ತಡೆಯುವುದಿಲ್ಲ, ಹನ್ನೆರಡೂ ಮಂದಿ ಹೋಗುತ್ತೇವೆ ಎಂದಳು. ರಾವಸಾಹೇಬರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಬಸ್ಸಿನಲ್ಲಿ ಹೋದರೆ ದಿನವೇ ಹೋಗುತ್ತದೆ, ತಮ್ಮ ಟೆಂಪೊದಲ್ಲಿ ತಾವೇ ಒಯ್ದು ತಂದರೆ ಅರ್ಧ ದಿನವಾದರೂ ಉಳಿಯುತ್ತದೆ ಎಂಬ ಲೆಕ್ಕಕ್ಕೆ ಕೊನೆಗೆ ಬಂದರು. ಹೀಗೆ ಅವರೂ ಸಾಕ್ಷಿಯ ಪಕ್ಷದವರಾದರು.

ಕೋರ್ಟಿನಲ್ಲಿ ಸತ್ತೆವ್ವ ಆಗಲೇ ಬಂದು ಮುಂದಿನ ಬೆಂಚಿನಲ್ಲಿ ಗೋಡೆ ನೋಡುತ್ತ ಕುಳಿತಿದ್ದಳು. ಹೆಂಗಸರು ಸಾಲಾಗಿ ಒಳಗೆ ಬಂದದ್ದು ಕಂಡೂ ತಿರುಗಲಿಲ್ಲ. ಜ್ಞಾನದೇವ ಇಸ್ತ್ರಿಯ ಅಂಗಿ ಹಾಕಿಕೊಂಡು ಆರೋಪಿಯ ಜಾಗದಲ್ಲಿ ಮದುಮಗನ ಹಾಗೆ ನಿಂತಿದ್ದ. ಜಜ್ಜರು ಮೈಸೂರು ಕಡೆಯವರು, ವಯಸ್ಸು ಇನ್ನೂ ಸಣ್ಣದು, ಈ ಸೀಮೆಗೆ ಬಂದು ಆರು ತಿಂಗಳಾಗಿರಲಿಲ್ಲ.

ಕೆಂಚವ್ವನನ್ನು ಕರೆದರು. ಅವಳು ಕಟಕಟೆ ಹತ್ತಿ, ಪ್ರಮಾಣ ಮಾಡಿ, ಎರಡೂ ಕೈಗಳನ್ನು ಎಲ್ಲಿ ಇಡುವುದೆಂದು ತಿಳಿಯದೆ ಮರದ ಪಟ್ಟಿಯ ಮೇಲೆ ಇಟ್ಟಳು. ಹೆದರಬೇಡಿ ತಾಯಿ, ಅವತ್ತು ಏನು ನೋಡಿದಿರಿ ಹೇಳಿ ಎಂದರು ಜಜ್ಜರು.

"ಗೊನಿ ಅದ್ದಾಕತ್ತಿದ್ನಿರಿ," ಎಂದು ಹೇಳಿ ಕೆಂಚವ್ವ ನಿಂತಳು.

ಎಲ್ಲರೂ ಕಾದರು. ಫ್ಯಾನು ತಿರುಗುತ್ತಿತ್ತು. ಬರೆದುಕೊಳ್ಳುವವನು ಪೆನ್ನು ಎತ್ತಿ ಹಿಡಿದಿದ್ದ. ಕೆಂಚವ್ವನೂ ಕಾದಳು. ಏಳೆಂಟು ದಿನ ಕಲಿತದ್ದೆಲ್ಲ ನಾಲಿಗೆಯ ಹಿಂದೆ ಸಾಲಾಗಿ ನಿಂತಿತ್ತು, ಆದರೆ ಬಾಗಿಲು ತೆರೆಯುವವರಿರಲಿಲ್ಲ. ಜಜ್ಜರು ಮುಂದೆ ಹೇಳಿ ಎಂದರು. ಅವಳು ಅವರ ಮುಖ ನೋಡಿದಳು. ಜ್ಞಾನದೇವನ ವಕೀಲರು ಎದ್ದು, ಈ ಸಾಕ್ಷಿಗೆ ಏನೂ ಗೊತ್ತಿಲ್ಲವೆಂದು ಪೊಲೀಸರ ಕಾಗದದಲ್ಲೇ ಇದೆ, ವೃಥಾ ಕಾಲಹರಣ ಎಂದರು. ಸತ್ತೆವ್ವನ ಬೆನ್ನು ಇನ್ನಷ್ಟು ನೆಟ್ಟಗಾಯಿತು.

ಆಗ ಹಿಂದಿನ ಬೆಂಚಿನಿಂದ ಅಕ್ಕುತಾಯಿ "ಹೂಂ" ಅಂದಳು.

"ದಾರಿಮ್ಯಾಲೆ ಒಂದು ಫಟಫಟಿ ಬಂತರಿ," ಎಂದಳು ಕೆಂಚವ್ವ ತಟ್ಟನೆ.

"ಹೂಂ."

"ಮೂರ ಮಂದಿ ಕುಂತಿದ್ರು."

ವಕೀಲರು ಆಕ್ಷೇಪಿಸಿದರು. ಕೋರ್ಟಿನ ಜವಾನ ಪಟ್ಟೆವಾಲಾ ಬಂದು ಅಕ್ಕುತಾಯಿಯನ್ನು ಎಬ್ಬಿಸಿ ಹೊರಗೆ ಕಳಿಸಿದ. ತಾನು ಹೊರಗೆ ಹೋಗುತ್ತಿದ್ದೇನೆ, ತನ್ನ ದಾರಿ ಕಾಯಬೇಡ ಎಂದು ಅಕ್ಕುತಾಯಿ ಕೆಂಚವ್ವನಿಗೆ ತಿಳಿಸಿಯೇ ಹೋದಳು. ಮತ್ತೆ ಫ್ಯಾನಿನ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು ಹೂಂ ಕೇಳಿತು, ಇದು ಸಾವಕ್ಕನದು. ಪಟ್ಟೆವಾಲಾ ತಿರುಗಿ ಬಂದ. ಜಜ್ಜರು ಅವನನ್ನು ತಡೆದು, ಏನಮ್ಮ ಇದು ಎಂದು ಸಾವಕ್ಕನನ್ನೇ ಕೇಳಿದರು.

ಸಾವಕ್ಕ ಎದ್ದು ಸೆರಗು ಹೊದ್ದಳು. "ಹೂಂ ಅನ್ನದಿದ್ರ ಆಕಿ ಹೇಳಂಗಿಲ್ರಿ ಸಾಹೇಬ್ರ. ಗ್ವಾಡಿ ಮುಂದ ಯಾರರ ಮಾತಾಡ್ತಾರೇನ್ರಿ?"

ಇದು ಸಾಕ್ಷಿಗೆ ಹೇಳಿಕೊಟ್ಟಂತೆ ಎಂದರು ವಕೀಲರು. ಹೂಂ ಎಂಬುದರಲ್ಲಿ ಹೇಳಿಕೊಟ್ಟದ್ದು ಏನಿದೆ ತೋರಿಸಿ ಎಂದು ಜಜ್ಜರು ಕೇಳಿದ್ದಕ್ಕೆ ಅವರು ಕುರ್ಚಿಗೆ ಮರಳಿದರು. ಆದರೂ ಕೂತ ಜನ ಹೂಂ ಅನ್ನುವುದು ಕೋರ್ಟಿಗೆ ಒಪ್ಪುವ ಮಾತಲ್ಲ, ಅನ್ನುವುದಾದರೆ ತಾವೇ ಅನ್ನುತ್ತೇವೆ ಎಂದು ಜಜ್ಜರು ತೀರ್ಮಾನಿಸಿದರು. ಕೆಂಚವ್ವನ ಕಡೆ ತಿರುಗಿ, "ಮೂರು ಜನ ಕೂತಿದ್ದರು. ಸರಿ," ಎಂದರು.

ಸರಿ ಎಂದರೆ ಮುಗಿಯಿತು, ಇನ್ನು ಇಳಿ ಎಂದ ಹಾಗೆ ಕೇಳಿತು. ಕೆಂಚವ್ವ ಇಳಿಯಲು ಒಂದು ಕಾಲು ಹಿಂದಿಟ್ಟಳು. ಜಜ್ಜರು ಗಾಬರಿಯಾಗಿ ಸಾವಕ್ಕನ ಕಡೆ ನೋಡಿದರು. ಸಾವಕ್ಕ ಗದ್ದ ಮೇಲೆತ್ತಿ, ಬಾಯಿ ತೆರೆಯದೆ, ಅದು ಮೂಗಿನಿಂದ ಬರಬೇಕೆಂದು ತೋರಿಸಿದಳು.

"ಹ್ಞೂಂ," ಎಂದರು ಜಜ್ಜರು.

ಕೆಂಚವ್ವನ ಕಾಲು ಮುಂದಕ್ಕೆ ಬಂತು. "ನಡಬರ್ಕ ಕುಂತಾವ ಮುದುಕ ಅಂತ ತಿಳ್ಕೊಂಡ್ನಿರಿ. ಕಂಬಳಿ ಹೊಚ್ಚಿದ್ರು, ತಲಿಗೆ ಟವೆಲ್ ಸುತ್ತಿದ್ರು."

ಕೋರ್ಟು ನಕ್ಕಿತು. ವಕೀಲರು ನಕ್ಕರು, ಬರೆದುಕೊಳ್ಳುವವನು ನಕ್ಕ, ಪಟ್ಟೆವಾಲಾ ಬಾಗಿಲ ಕಡೆ ತಿರುಗಿ ನಕ್ಕ. ಕೆಂಚವ್ವ ಹಿಂದಿನ ಬೆಂಚು ನೋಡಿದಳು. ಅಲ್ಲಿ ಹತ್ತು ಮುಖಗಳು ರೇಷನ್ ಅಂಗಡಿಯ ಪಾಳಿಯಲ್ಲಿ ನಿಂತವರ ಹಾಗೆ ಇದ್ದವು. ಕಿಟಕಿಯ ಹೊರಗೆ ಹನ್ನೊಂದನೆಯದು, ಅಕ್ಕುತಾಯಿಯದು, ಆಕಳಿಸುತ್ತಿತ್ತು. ಇಷ್ಟು ಹಳೆಯ ಮಾತಿಗೆ ಈ ಓದಿದ ಜನ ಯಾಕೆ ನಗುತ್ತಿದ್ದಾರೋ ಎಂದು ಕೆಂಚವ್ವನಿಗೇ ಒಂದು ಥರ ಮರುಕವಾಯಿತು. ನಗೆ ಮುಗಿಯುವವರೆಗೆ ನಿಂತಳು. ಜಜ್ಜರು ಹ್ಞೂಂ ಎಂದರು. ಗಾಡಿ ಕಾಲುವೆ ಎಗರಿದ್ದು, ಟವೆಲ್ ಜಾರಿದ್ದು, ಎಡಗೊಂಬಿನ ತುದಿ ಇಲ್ಲದ್ದು ಎಲ್ಲವನ್ನೂ ಒಂದೊಂದು ಹ್ಞೂಂಗೆ ಒಂದೊಂದರಂತೆ ಹೇಳಿದಳು.

ಹಂದರದ ಕೆಳಗೆ ಕಲಿತದ್ದು ಅಷ್ಟೇ. ಜಜ್ಜರಿಗೆ ಅದು ಗೊತ್ತಿಲ್ಲ. ಅವರು ರೂಢಿಗೆ ಬಿದ್ದು ಇನ್ನೊಂದು ಹ್ಞೂಂ ಎಂದುಬಿಟ್ಟರು. ಬಂದ ಹೂಂ ಅನ್ನು ಬರಿಗೈಯಲ್ಲಿ ಕಳಿಸಿದ ರೂಢಿ ಕೆಂಚವ್ವನಿಗಿರಲಿಲ್ಲ. ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ಅದಕ್ಕಿಂತ ಮೊದಲ ಗಾಡಿ ನನ್ನ ಮುಂದ ನಿಂತಿತ್ತರಿ. ಟವೆಲ್ ಸಡ್ಲಾಗಿತ್ತು, ಸುತ್ತಾಕ ನಿಂದರ್ಸಿದ್ರು."

"ಹ್ಞೂಂ."

"ಇವ ನನ್ನ ನೋಡಿದ." ಜ್ಞಾನದೇವನನ್ನು ತೋರಿಸಿದಳು. "ನಮ್ಮಜ್ಜಗ ಆರಾಮಿಲ್ಲ ಯಕ್ಕಾ, ಮಿರಜಿ ದವಾಖಾನಿಗೆ ಒಯ್ಯಾಕತ್ತೀವಿ, ಅಂದ."

"ಹ್ಞೂಂ."

"ನಾ ಮಗ್ಗ ಕೆಳಗಿಟ್ಟು ಕೈ ಮುಗದ್ನಿರಿ. ಮಲ್ಲಯ್ಯ ಕಾಪಾಡ್ಲಿ ಅಜ್ಜಾ, ಅಂದ್ನಿ." ಇನ್ನೂ ಸಣ್ಣ ದನಿಯಲ್ಲಿ ಅವಳು ಮುಗಿಸಿದಳು. "ಟಗರಿಗೆ ಕೈ ಮುಗದ್ನಿರಿ ಸಾಹೇಬ್ರ. ಇದನ್ನ ಯಾರ ಮುಂದೂ ಹೇಳಿಲ್ಲ."

ಮೊದಲು ನಕ್ಕವಳು ಸಾವಕ್ಕ. ಇದಕ್ಕೆ ಯಾವ ತಾಲೀಮೂ ಆಗಿರಲಿಲ್ಲ. ಅವಳ ಪಕ್ಕದವಳು, ಅವಳ ಪಕ್ಕದವಳು, ಹೀಗೆ ಬೆಂಚು ಪೂರಾ ಅಲುಗಿತು. ಕಿಟಕಿಯಲ್ಲಿದ್ದ ಅಕ್ಕುತಾಯಿ ಕಾಣದಾದಳು, ಬಹುಶಃ ಕೆಳಗೆ ಕುಳಿತಿರಬೇಕು. ಕೆಂಚವ್ವ ಅವರನ್ನು ನೋಡಿ ಸಿಟ್ಟಾಗಲು ಹೋಗಿ, ಆಗದೆ, ತಾನೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ವರ್ಷದಿಂದ ಹೊತ್ತುಕೊಂಡು ತಿರುಗಿದ ಮಾತು ಇಷ್ಟು ಹಗುರ ಇತ್ತೆಂದು ಅವಳಿಗೆ ತಿಳಿದಿರಲಿಲ್ಲ.

ಈ ಸಲ ನಗದೇ ಇದ್ದವರು ಜಜ್ಜರು. ಅವರು ಪೆನ್ನು ಕೆಳಗಿಟ್ಟು, ಸಂತೆಯಲ್ಲಿ ಹಣ ಕೊಟ್ಟು ಕೊಂಡ ಟಗರನ್ನು ದಾರಿಯಲ್ಲಿ ಅಜ್ಜ ಎಂದು ಹೇಳಿಕೊಳ್ಳುವ ಪ್ರಸಂಗ ಯಾಕೆ ಬಂತೆಂದು ವಕೀಲರನ್ನು ಕೇಳಿದರು. ವಕೀಲರು ಕಾಗದ ತಿರುವಿದರು. ಜ್ಞಾನದೇವ ಇಸ್ತ್ರಿಯ ಅಂಗಿಯ ಕಾಲರಿನ ಗುಂಡಿ ಬಿಚ್ಚಿದ. ಮುಂದಿನ ತಾರೀಖಿಗೆ ಟಗರನ್ನೇ ಕೋರ್ಟಿನ ಎದುರು ತಂದು ನಿಲ್ಲಿಸಬೇಕೆಂದು ಆಜ್ಞೆಯಾಯಿತು.

ಹೊರಗೆ ರಾವಸಾಹೇಬರು ಟೆಂಪೊ ಶುರು ಮಾಡಿಕೊಂಡೇ ಹಾರ್ನು ಬಾರಿಸುತ್ತಿದ್ದರು. ಹೆಂಗಸರು ಹತ್ತುತ್ತಿರುವಾಗ ಸತ್ತೆವ್ವ ಕೋರ್ಟಿನ ಮೆಟ್ಟಿಲಿಳಿದು ನೇರ ಅವರ ಕಡೆಗೇ ಬಂದಳು. ಅವಳು ಕೆಂಚವ್ವನ ಎದುರಿಗೆ ನಿಂತು ಮೇಲಿಂದ ಕೆಳಗೆ ನೋಡಿದಳು.

"ಮುದುಕ ಅಂದ್ಯಲ್ಲ," ಎಂದಳು.

"ಹಂಗ ಕಂಡಿತ್ತ."

"ಆಗಿನ್ನೂ ಎರಡ ಹಲ್ಲಿನ ಹುಡುಗ ಅದು. ಬೆನ್ನ ಹೆಂಗಿತ್ತು, ನಡಿಗಿ ಹೆಂಗಿತ್ತು. ಅದು ನಿನಗ ಮುದುಕ ಕಂಡಿತಾ?"

"ಕುಂತಿತ್ತಬೇ. ನಡಿಗಿ ಎಲ್ಲಿಂದ ಕಾಣಬೇಕು?"

"ಕುಂತ್ರೂ ಚೆಲುವಿಕಿ ಎಲ್ಲಿ ಹೋಗತೈತಿ? ಕಣ್ಣರ ನೋಡಬೇಕಿತ್ತಿಲ್ಲ?"

ಕಣ್ಣಿನ ಮೇಲೆ ಟವೆಲ್ ಇತ್ತೆಂದು ಕೆಂಚವ್ವ ಹೇಳಿದಳು. ಸತ್ತೆವ್ವನಿಗೆ ಆ ಉತ್ತರ ಒಪ್ಪಿಗೆಯಾಗಲಿಲ್ಲ. ಇದನ್ನು ಇತ್ಯರ್ಥ ಮಾಡದೆ ಬಿಡುವ ಹೆಂಗಸು ಅವಳಲ್ಲ. ಸೀರೆ ಎತ್ತಿ ಕಟ್ಟಿ ಟೆಂಪೊ ಹತ್ತಿದಳು. ಅಥಣಿಯಿಂದ ಮಂಗಸೂಳಿಯ ದಾರಿ ಪೂರಾ ಇಬ್ಬರೂ ಬಡಿದಾಡಿದರು. ವರ್ಷ ಪೂರಾ ಆಡದೆ ಉಳಿದ ಮಾತುಗಳೆಲ್ಲ ಟಗರಿನ ಚೆಲುವಿಕೆಯ ನೆವದಲ್ಲಿ ಹೊರಗೆ ಬಂದವು. ಯಾರದೋ ಮದುವೆಗೆ ಕರೆಯದ್ದು ಬಂತು, ಕೆಂಚವ್ವನ ಎಮ್ಮೆ ಈದದ್ದಕ್ಕೆ ಗಿಣ್ಣು ಕಳಿಸದ್ದು ಬಂತು. ಸಾವಕ್ಕ ನಡುವೆ ಬಾಯಿ ಹಾಕಲು ಹೋದಾಗ ಇಬ್ಬರೂ ಸೇರಿ ಅವಳನ್ನೇ ಗದರಿಸಿದರು.

ತೋಟ ಮುಟ್ಟಿದಾಗ ಹೊತ್ತು ಇಳಿದಿತ್ತು. ಎಲ್ಲರೂ ಓಡಿ ಹಂದರ ಸೇರಿದರು. ಮಾತು ಮುಗಿದಿರಲಿಲ್ಲವಾದ್ದರಿಂದ ಸತ್ತೆವ್ವನೂ ಅವರ ಹಿಂದೆಯೇ ಬಂದಳು. ಯಾರೋ ಅವಳ ಕೈಗೂ ಒಂದು ಮಗ್ಗು ಕೊಟ್ಟರು. ಈ ಕೆಲಸ ಅವಳು ಎಂದೂ ಮಾಡಿರಲಿಲ್ಲ. ಕೆಂಚವ್ವನಿಗೆ ಉತ್ತರ ಕೊಡುವ ಭರದಲ್ಲಿ ಎಳೆ ಗೊನೆಯನ್ನು ಮಗ್ಗಿನೊಳಗೆ ಉಣ್ಣೆ ತೊಳೆದ ಹಾಗೆ ಅದುಮಿ, ಹಿಂಡಿ, ಜಾಡಿಸಿದಳು. ಸಣ್ಣ ಕಾಳುಗಳು ಪಟಪಟನೆ ಉದುರಿದವು. ಅಂಚಿನಲ್ಲಿ ನಿಂತಿದ್ದ ರಾವಸಾಹೇಬರು ಬಾಯಿ ತೆರೆದರು. ಸಾವಕ್ಕ ಅವರನ್ನು ಒಮ್ಮೆ ನೋಡಿದಳು. ಅವರು ಬಾಯಿ ಮುಚ್ಚಿ, ಬಾವಿಯ ಮೋಟರು ಏನು ಮಾಡುತ್ತಿದೆಯೋ ನೋಡಿಬರಲು ಹೊರಟರು.